ಠಾಣೆಯಲ್ಲಿ ತುಂಬಿದ ಉಡಿ

ಅನ್ನಪೂರ್ಣಾ, ಕೊಟ್ರೇಶಾ,

ಹೊಸಪೇಟೆಯಿಂದ ಫೋನು ಮಾಡಿದಾಗಲೆಲ್ಲ ನೀವಿಬ್ಬರೂ ಕೇಳುವುದು ಒಂದೇ ಮಾತು: "ಅಜ್ಜಿ, ಮಂಜುಳಾ ಅತ್ತಿ ಯಾಕ ನಮ್ಮ ಮನ್ಯಾಗ ಅದಾಳ? ಅಕಿ ಕೈಗೆ ಏನಾಗೈತಿ?" ನಾನು "ಊಟ ಆತೇನು?" ಎಂದು ಮಾತು ತಿರುಗಿಸುತ್ತೇನೆ. ನಿಮಗೆ ಗೊತ್ತಲ್ಲ, ನಾಲ್ಕು ಜನ ಕುಳಿತ ಕಡೆ ನನ್ನ ದನಿ ಏಳುವುದಿಲ್ಲ. ಒಲೆಯ ಮುಂದೆ ಮಾತ್ರ ನಾನು ಜಗಳಾಡುವವಳು ಎಂದು ನಿಮ್ಮ ತಾತ ನಗುತ್ತಿದ್ದರು. ಆದರೆ ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಮಂಜುಳಾಳನ್ನು ಕರೆದುಕೊಂಡು ಬರಲು ನಾನು ಹೋಗಿ ಬಂದ ಎರಡು ದಿನದ ಪ್ರಯಾಣವನ್ನು ನಿಮಗಾಗಿ ಬರೆಯುತ್ತಿದ್ದೇನೆ. ಬರೆಯುವಾಗಲೂ ಸಿಟ್ಟು ಬರುತ್ತಿದೆ. ಅಕ್ಷರ ವಾರೆಯಾಗಿದ್ದರೆ ಅದು ವಯಸ್ಸಿನಿಂದಲ್ಲ.

ಮಂಜುಳಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಎಷ್ಟೋ ವರ್ಷ ನನ್ನ ಮಗ್ಗುಲಲ್ಲೇ ಮಲಗಿದವಳು. ಹಡಗಲಿಯ ಆಚೆ ಒಂದು ಊರಿಗೆ ಕೊಟ್ಟಿದ್ದೆವು. ಗಂಡ ಪ್ರಕಾಶ, ಅತ್ತೆ ನೀಲಮ್ಮ. ಮನೆ ಒಳ್ಳೆಯದು, ನೀರಾವರಿ ಹೊಲ ಇದೆ ಎಂದು ಎಲ್ಲರೂ ಹೇಳಿದ್ದರು. ಮನೆಯೊಳಗೆ ಏನಿದೆ ಎಂದು ಯಾರೂ ಹೇಳಲಿಲ್ಲ.

ದೀಪಾವಳಿ ಕಳೆದ ವಾರದಲ್ಲಿ ಒಂದು ಬೆಳಿಗ್ಗೆ ಫೋನು ಬಂತು. "ದೊಡ್ಡವ್ವಾ, ನಾನು ನೂರಜಹಾನ್. ಮಂಜಿ ಜೋಡಿ ಕೊಟ್ಟೂರಾಗ ಓದಿದಾಕಿ. ಅಕಿ ಹಡಗಲ್ಯಾಗ ನಮ್ಮ ಮನ್ಯಾಗ ಅದಾಳ. ಲಗೂನ ಬರ್ರಿ." ಯಾಕೆ ಎಂದು ಕೇಳಿದೆ. ಆ ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಊಟಕ್ಕೆ ಹಾಕಿದ ರೊಟ್ಟಿ ಆರಿತ್ತಂತೆ. "ಬಿಸಿ ಅಂದ್ರ ಹೆಂಗಿರತೈತಿ ತೋರಸ್ತೀನಿ ಬಾ" ಎಂದು ಪ್ರಕಾಶ ಅವಳ ಎಡಗೈಯನ್ನು ಒಲೆಯ ಮೇಲಿನ ಹೆಂಚಿಗೆ ಒತ್ತಿ ಹಿಡಿದನಂತೆ. ಅತ್ತೆ ದವಾಖಾನೆಗೆ ಕರೆತಂದು, ಪಕ್ಕದಲ್ಲೇ ನಿಂತು, "ರೊಟ್ಟಿ ಸುಡುವಾಗ ತಾಗಿತು ಅನ್ನು" ಎಂದು ಹೇಳಿಸಿದಳಂತೆ. ಮಂಜುಳಾ ಹಾಗೇ ಹೇಳಿದಳು. ಪಟ್ಟಿ ಕಟ್ಟಿಸಿಕೊಂಡು ಹೊರಬಂದವಳು ಅತ್ತೆ ಔಷಧಿ ಅಂಗಡಿಗೆ ತಿರುಗಿದಾಗ ನೂರಜಹಾನಳ ಮನೆಗೆ ಓಡಿದಳು. ಇಬ್ಬರೂ ಠಾಣೆಗೆ ಹೋದರು. ಅಲ್ಲಿ ಸಂಜೆಯವರೆಗೆ ಕೂರಿಸಿ, "ಹಿರೇರನ್ನ ಕರಕೊಂಡು ಬಾ, ಆಮ್ಯಾಲೆ ನೋಡಾನ" ಎಂದು ಕಳಿಸಿದರು. ಇಪ್ಪತ್ತೇಳು ವರ್ಷದ ಹೆಣ್ಣುಮಗಳು ತನ್ನ ಸುಟ್ಟ ಕೈಯನ್ನು ತಾನೇ ತೋರಿಸಿದರೆ ಸಾಲದು, ಅದು ಸುಟ್ಟಿದೆ ಎಂದು ಹೇಳಲು ಹಿರಿಯರು ಬರಬೇಕು!

ಆ ಠಾಣೆ ಯಾವ ಊರಿನದು ಎಂದು ಬರೆಯುವುದಿಲ್ಲ. ಮಂಜುಳಾ ಇನ್ನೂ ಆ ಕಡೆ ಓಡಾಡಬೇಕು.

ಎರಡು ರೊಟ್ಟಿ, ಶೇಂಗಾ ಚಟ್ನಿ, ಒಂದು ಸೀರೆ, ಆಧಾರ್ ಕಾರ್ಡು ಚೀಲಕ್ಕೆ ಹಾಕಿಕೊಂಡು ಊರಿನ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಈಗ ಪುಕ್ಕಟೆ, ಅದೊಂದು ಅನುಕೂಲ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ, ನಾನು ಹೇಳಿದೆ. ಮತ್ತೆ ಕೇಳಿದ, ಮತ್ತೆ ಹೇಳಿದೆ. "ಅಜ್ಜಿ, ಇಂಜಿನ್‌ಕಿಂತ ಸಣ್ಣಗ ಮಾತಾಡಿದ್ರ ನನಗ ಹೆಂಗ ಕೇಳಬೇಕು?" ಎಂದ. ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನ ಹೆಂಗಸು ನನ್ನ ಪರವಾಗಿ "ಕೂಡ್ಲಿಗಿ" ಎಂದು ಕೂಗಿದಳು. ಈ ದನಿ ಹೊತ್ತುಕೊಂಡು ನಾನು ಠಾಣೆಯಲ್ಲಿ ಏನು ಮಾತಾಡುತ್ತೇನೆ ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

ಕೂಡ್ಲಿಗಿಯಲ್ಲಿ ಚಹಾ ಕುಡಿದು ಕೊಟ್ಟೂರಿನ ಬಸ್ಸು ಹಿಡಿದೆ. ಮುಕ್ಕಾಲು ತಾಸಿನ ದಾರಿ. ಬೆಳಗಿನ ತಂಪು ಹೋಗಿ ಬಿಸಿಲು ಚುರುಗುಟ್ಟತೊಡಗಿತ್ತು. ರಸ್ತೆಯ ಎರಡೂ ಕಡೆ ಜಾಲಿ, ನಡುನಡುವೆ ಹುಣಸೆಮರ.

ಕೊಟ್ಟೂರಿನಲ್ಲಿ ಮಂಜುಳಾಳ ಅಪ್ಪ ಮಲ್ಲಪ್ಪ ಇದ್ದಾನೆ. ಬಜಾರಿನಲ್ಲಿ ಹಗ್ಗ, ಗೋಣಿಚೀಲದ ಅಂಗಡಿ. ತಂಗಿ ಹೋದ ಮೇಲೆ ಅವನು ಇನ್ನೊಂದು ಮದುವೆ ಮಾಡಿಕೊಂಡ, ಅದರಲ್ಲಿ ತಪ್ಪೇನಿಲ್ಲ. ಕೆಟ್ಟವನಲ್ಲ. ಆದರೆ ಯಾರಾದರೂ ಜೋರು ಮಾಡಿದರೆ ಮೊದಲು ಅವರ ಮಾತಿಗೇ ಹೂಂ ಅನ್ನುವವನು. ನಾನು ಹೋದಾಗ ಅವನಿಗೆ ವಿಷಯ ಗೊತ್ತಾಗಿತ್ತು. ಹಗ್ಗದ ಸುರುಳಿ ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದ: "ಅಕಿ ಠಾಣಿ ಮೆಟ್ಲಾ ಹತ್ತಬಾರದಿತ್ತು ಅತ್ತಿಗಿ. ಮೊದ್ಲು ನನಗ ಹೇಳಬೇಕಿತ್ತು."

"ಹ್ವಾದ ವರ್ಷ ಹೇಳಿದ್ಲಲ್ಲೋ. ಹಲ್ಲು ಮುರಿದಾಗ."

"ಆವಾಗ ನಾನ ಹೋಗಿ ಬಗೆಹರಿಸಿ ಬಂದಿನಲ್ಲ."

"ಬಗೆಹರಿದಿದ್ರ ಈಗ ಕೈ ಯಾಕ ಸುಡ್ತಿತ್ತು?"

ಅವನು ಅಂಗಡಿಯ ಬಾಗಿಲು ಎಳೆದ. ಹೊರಡುವ ಮುಂಚೆ ಮಂಡಕ್ಕಿ ಮಿರ್ಚಿ ಕಟ್ಟಿಸಿದ. ಕೊಟ್ಟೂರಿನ ಮಿರ್ಚಿ ನಿಮಗೆ ಎಷ್ಟು ಇಷ್ಟ ಎಂದು ನನಗೆ ಗೊತ್ತು. ಅವತ್ತು ನಾನು ಅದನ್ನು ಮುಟ್ಟಲಿಲ್ಲ. ಮಲ್ಲಪ್ಪ ನನ್ನ ಪಾಲಿನದನ್ನೂ ತಿಂದ. ದುಃಖವಾದಾಗ ತಿನ್ನುವ ಗಂಡಸರಿರುತ್ತಾರೆ, ಅವನು ಅಂಥವನು.

ಹಗರಿಬೊಮ್ಮನಹಳ್ಳಿ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಬಸ್‌ಸ್ಟ್ಯಾಂಡಿನ ಸಿಮೆಂಟನ್ನು ಕಾಯಿಸಿತ್ತು. ಹಡಗಲಿ ಬಸ್ಸು ತಡ ಎಂದರು. ನನ್ನ ಪಕ್ಕ ಹಂಪಸಾಗರದ ಹೆಂಗಸೊಬ್ಬಳು ಕುಳಿತಿದ್ದಳು, ಒಣ ಮೀನಿನ ಚೀಲ ಕಾಲಿಗೊತ್ತಿಕೊಂಡು. ಎಲ್ಲಿಗೆ ಎಂದು ಕೇಳಿದಳು. ಮಲ್ಲಪ್ಪ ಅವಸರದಲ್ಲಿ "ಮಗಳ ಊರಿಗೆ" ಎಂದ. ಅವನು ನೀರು ಕುಡಿಯಲು ಎದ್ದು ಹೋದಾಗ, ಯಾಕೋ ನನಗೇ ತಿಳಿಯದು, ಆ ಗೊತ್ತಿಲ್ಲದವಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅಯ್ಯೋ ಎನ್ನಲಿಲ್ಲ. ನನ್ನ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಹೇಳಿದಳು:

"ನಿಮ್ಮ ಹುಡುಗಿಗೆ ಹೇಳ್ರಿ, ಠಾಣಿಗೆ ಹೋಗುವಾಗ ಗಟ್ಟಿ ಸೆರಗಿನ ಸೀರಿ ಉಟಗೊಳ್ಳಲಿ. ಅಕ್ಕಿ ಭಾರ ತಡಿಬೇಕಲ್ಲ."

"ಅಕ್ಕಿ ಯಾಕವ್ವಾ?"

"ನಾನೂ ಹೋಗಿದ್ನೆವ್ವ ಒಂದ್ಸಲ. ದೂರು ಕೊಟ್ಟೆ, ಅಕ್ಕಿ ಇಸಗೊಂಡು ಬಂದೆ." ಚೀಲ ಎತ್ತಿಕೊಂಡು ನಕ್ಕಳು. ಅಂಥ ನಗೆಯನ್ನು ನಾನು ಹಿಂದೆ ಕಂಡಿರಲಿಲ್ಲ. ಅವಳ ಬಸ್ಸು ಬಂತು, ಹೋದಳು. ಅವಳ ಮಾತು ನನಗೆ ಅರ್ಥವಾದದ್ದು ಮರುದಿನ.

ಹಡಗಲಿಯಲ್ಲಿ ಇಳಿದಾಗ ಇಳಿಹೊತ್ತು. ನೂರಜಹಾನಳ ಗಂಡ ಖಾದರ್ ಬೈಕ್ ರಿಪೇರಿ ಮಾಡುತ್ತಾನೆ. ಗ್ಯಾರೇಜಿನ ಹಿಂದೆಯೇ ಮನೆ. ಎಣ್ಣೆಯ ಕೈ ಒರೆಸಿಕೊಳ್ಳುತ್ತ ಎದ್ದುನಿಂತು, "ಬರ್ರಿ ಅಮ್ಮಾ, ಒಳಗ ಅದಾಳ" ಎಂದ. ಮಂಜುಳಾ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಎಡಗೈ ಪಟ್ಟಿ ಮೊಣಕೈವರೆಗೂ ಬಂದಿತ್ತು. ನನ್ನನ್ನು ನೋಡಿ ಅಳಲಿಲ್ಲ. ಅಪ್ಪನನ್ನು ನೋಡಿ ಮುಖ ತಿರುಗಿಸಿದಳು.

"ದೊಡ್ಡವ್ವಾ, ನನ್ನ ಆ ಮನಿಗೆ ಕಳಸಬ್ಯಾಡ್ರಿ. ಹ್ವಾದ ಸಲ ಹಲ್ಲು ಹೋತು, ಈ ಸಲ ಕೈ. ಇನ್ನೊಂದು ಸಲ ಅಂದ್ರ ನಾನ ಹೋಗ್ತೀನಿ."

ಮಲ್ಲಪ್ಪ ಹೊಸ್ತಿಲಲ್ಲೇ ನಿಂತು, "ಹಂಗೆಲ್ಲಾ ಅನಬಾರದಮ್ಮ. ನಾಳೆ ಸಾಹೇಬರ ಮುಂದ ಅವನಿಂದ ಬರಸಿಕೊಳ್ಳೋಣು, ಇನ್ನ ಹೊಡ್ಯಾಂಗಿಲ್ಲ ಅಂತ" ಎಂದ. ಚಹಾ ತಂದ ನೂರಜಹಾನ್ ಬಟ್ಟಲನ್ನು ಅವನ ಮುಂದೆ ಇಡುತ್ತ, "ಕಾಕಾ, ಹ್ವಾದ ಸಲ ಬಾಯಿಲೆ ಹೇಳಿದ್ದ, ಈ ಸಲ ಬರಕೊಡ್ತಾನ. ಕೈ ಮಾತ್ರ ಅದ ಕೈ ಐತಿ" ಎಂದಳು. ಖಾದರ್ ಹೊರಗಿನಿಂದ "ಸುಮ್ಕಿರಲೇ" ಎಂದು ಗದರಿದ. ಅವಳು ಸುಮ್ಮನಿರಲಿಲ್ಲ. ಆ ಹುಡುಗಿಯ ಬಾಯಿ ನನಗಿದ್ದಿದ್ದರೆ ಎನ್ನಿಸಿತು.

ಮರುದಿನ ಬೆಳಿಗ್ಗೆ ಖಾದರ್ ತನ್ನ ಸಾಮಾನಿನ ಆಟೋದಲ್ಲಿ ನಮ್ಮನ್ನು ಠಾಣೆಯ ಮುಂದೆ ಇಳಿಸಿದ. ನೂರಜಹಾನಳೂ ಬಂದಳು. ಸಾಹೇಬರು ಇನ್ನೂ ಬಂದಿಲ್ಲ, ಕೂತುಕೊಳ್ಳಿ ಎಂದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಹೊಳಲಿನ ಒಬ್ಬ ಮುದುಕ ಕುಳಿತಿದ್ದ. ಅಳಿಯನ ಊರಿಗೆ ಬಂದು ಬೈಕ್ ಕಳೆದುಕೊಂಡಿದ್ದನಂತೆ. ಕಾದು ಕಾದು ಬೇಸತ್ತು ನನ್ನ ಕಿವಿಯಲ್ಲಿ ಹೇಳಿದ: "ನಮ್ಮೂರಾಗ ಅನಂತಶಯನ ಮಲಗ್ಯಾನ, ಆತನ್ನ ನೋಡಾಕ ಎಲ್ಲೆಲ್ಲಿಂದನೋ ಜನ ಬರ್ತಾರ. ಈ ಸಾಹೇಬ್ರೂ ಎಲ್ಲೋ ಮಲಗ್ಯಾರ ನೋಡ್ರಿ, ನೋಡಾಕ ನಾವು ಬಂದೀವಿ." ಆ ಸಂಕಟದಲ್ಲೂ ನನಗೆ ನಗು ಬಂತು.

ಸಾಹೇಬರು ಬಂದರು. ಚಿಕ್ಕ ವಯಸ್ಸು, ಮಾತು ಮೆತ್ತಗೆ. ಮೊದಲು ಮುದುಕನನ್ನು ಕರೆದರು. ಬೈಕಿನ ಬಣ್ಣ, ನಂಬರು, ಎಲ್ಲಿ ನಿಲ್ಲಿಸಿದ್ದು, ಎಲ್ಲ ಕೇಳಿ ಬರೆಸಿಕೊಂಡರು. ಬೈಕಿನ ಹಿರಿಯರು ಯಾರು, ಕರೆದುಕೊಂಡು ಬಾ ಎನ್ನಲಿಲ್ಲ. ಬೈಕಿಗೂ ನಿನಗೂ ಹೊಂದಾಣಿಕೆ ಇರಲಿಲ್ಲವೇನೋ ಎನ್ನಲಿಲ್ಲ. ಮುದುಕ ಹೋಗುವಾಗ ಮಂಜುಳಾಳ ಕೈ ನೋಡಿ ತಲೆ ತಗ್ಗಿಸಿ ಹೋದ.

ಅಷ್ಟರಲ್ಲಿ ಪ್ರಕಾಶನೂ ನೀಲಮ್ಮನೂ ಬಂದಿದ್ದರು. ಪ್ರಕಾಶ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹಣೆಯ ಮೇಲೆ ವಿಭೂತಿ ಬೇರೆ. ಮಾವನ ಕಾಲಿಗೆ ಬಿದ್ದು ನಮಸ್ಕಾರ ಮಾಡಿದ. ಅಷ್ಟಕ್ಕೇ ಮಲ್ಲಪ್ಪನ ಕಣ್ಣಲ್ಲಿ ನೀರು.

ಸಾಹೇಬರು ಮಂಜುಳಾಳನ್ನು ಕೇಳಿದ್ದು ಸ್ವಲ್ಪ. "ದವಾಖಾನೆ ಚೀಟಿಯಲ್ಲಿ ರೊಟ್ಟಿ ಸುಡುವಾಗ ತಾಗಿತು ಅಂತ ಇದೆ. ನೀನೇ ಹೇಳಿದ್ದಲ್ಲಮ್ಮ?"

"ಅತ್ತಿ ಹೇಳಿಸಿದ್ರು ಸರ್."

"ಆವಾಗ ಒಂದು, ಈಗ ಒಂದು. ನಾನು ಯಾವುದನ್ನು ನಂಬಲಿ?"

ನೂರಜಹಾನ್ ಎದ್ದಳು. "ಕೈ ನೋಡ್ರಿ ಸರ್. ತಾನಾಗಿ ತಾಗಿದ್ರ ತಟ್ನ ತಕ್ಕೊಂತಾರ. ಇಡೀ ಅಂಗೈ ಬೆಂದೈತಿ."

"ನೀನು ಯಾರಮ್ಮ? ಮನೆಯವಳಾ? ಅಲ್ಲವಲ್ಲ, ಹೊರಗೆ ಕೂತ್ಕೋ." ಅವಳನ್ನು ಹೊರಗೆ ಕಳಿಸಿದರು.

ನಾನು ಬಾಯಿ ತೆರೆದೆ. ಹ್ವಾದ ವರ್ಷ ಹಲ್ಲು ಮುರಿದಿದ್ದ ಎಂದು ಹೇಳಿದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಅಜ್ಜಿ, ಗಂಡಸರು ಮಾತಾಡ್ತಿದ್ದಾರೆ, ಇರ್ರಿ" ಎಂದರು ಸಾಹೇಬರು. ಆಮೇಲೆ ಮಲ್ಲಪ್ಪನಿಗೆ ಬುದ್ಧಿ ಹೇಳತೊಡಗಿದರು. ಕೇಸು ಮಾಡಿದರೆ ವರ್ಷಗಟ್ಟಲೆ ಕೋರ್ಟು, ಮಗಳ ಬಾಳು ಹಾಳು, ಊರಿನಲ್ಲಿ ಮಾತು. ಹುಡುಗ ತಪ್ಪು ಒಪ್ಪಿಕೊಳ್ಳುತ್ತಾನೆ, ಮುಚ್ಚಳಿಕೆ ಬರೆದು ಕೊಡುತ್ತಾನೆ. ಮಲ್ಲಪ್ಪ ಪ್ರತಿ ಮಾತಿಗೂ "ಹೌದ್ರಿ ಸಾಹೇಬ್ರ" ಎಂದ. ಪ್ರಕಾಶ ಸಹಿ ಹಾಕಿದ. ಮಂಜುಳಾ "ನಾ ಹೋಗಂಗಿಲ್ಲ" ಎಂದಳು. ಆ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು, ಆದರೂ ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನ ದನಿ ಸಣ್ಣದು ಅದಕ್ಕೇ ಯಾರಿಗೂ ಕೇಳುವುದಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದೆ ಮಕ್ಕಳೇ. ಅವತ್ತು ಗೊತ್ತಾಯಿತು, ದೋಷ ದನಿಯದಲ್ಲ.

ಆಗ ನೀಲಮ್ಮ ಬಾಯಿ ತೆರೆದಳು. "ಹಂಗಾ ಕರಕೊಂಡು ಹೋದ್ರ ಊರಾಗ ಏನಂದಾರು? ಪೊಲೀಸರು ಕಳಿಸಿದ ಸೊಸಿ ಅಂತಾರ. ತವರಿನವರು ಉಡಿ ತುಂಬಿ ಕಳಸಲಿ. ಸಂತೋಷದಿಂದ ಕಳಿಸ್ಯಾರ ಅಂತ ನಾಲ್ಕು ಮಂದಿಗೆ ಗೊತ್ತಾಗಲಿ."

ಉಡಿ ತುಂಬುವುದು ನಿಮಗೆ ಗೊತ್ತು. ಹೆಣ್ಣುಮಗಳು ಗಂಡನ ಮನೆಗೆ ಹೊರಡುವಾಗ ತವರಿನವರು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ ಹರಸುತ್ತಾರೆ. ಉಡಿ ತುಂಬಿಸಿಕೊಂಡವಳು ಹೊರಡಲೇಬೇಕು, ಇನ್ನು ಒಲ್ಲೆ ಎನ್ನುವಂತಿಲ್ಲ. ಅದು ನಮ್ಮ ಪ್ರೀತಿಯ ಶಾಸ್ತ್ರ. ನನ್ನ ತಾಯಿ ನನಗೆ ತುಂಬಿದಾಗ ಅವಳ ಕಣ್ಣೀರು ಅಕ್ಕಿಯ ಮೇಲೆ ಬಿದ್ದಿತ್ತು. ಆ ಶಾಸ್ತ್ರವನ್ನು ಬೇಡಿಯ ಹಾಗೆ ಹಾಕುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸಾಹೇಬರು "ಒಳ್ಳೆಯದಾಯಿತು" ಎಂದು ಗಂಟೆ ಬಾರಿಸಿದರು. ಒಬ್ಬ ಪೇದೆ ಎದುರಿನ ಕಿರಾಣಿ ಅಂಗಡಿಗೆ ಅಕ್ಕಿ, ಕೊಬ್ಬರಿ ತರಲು ಓಡಿದ. ಮಹಿಳಾ ಪೇದೆ ಬೀರು ತೆರೆದಳು. ಬೀರುವಿನಲ್ಲಿ ಲಾಠಿಗಳ ಪಕ್ಕ ಒಂದು ಸ್ಟೀಲಿನ ತಾಟು, ಮಡಚಿಟ್ಟ ಖಣ, ಅರಿಷಿಣ ಕುಂಕುಮದ ಭರಣಿ! ತಾಟಿನ ಅಂಚು ಸವೆದಿತ್ತು. ಭರಣಿಯಲ್ಲಿ ಕುಂಕುಮ ಅರ್ಧ ಖರ್ಚಾಗಿತ್ತು. ಹಂಪಸಾಗರದ ಹೆಂಗಸಿನ ನಗೆ ಆಗ ನನಗೆ ಅರ್ಥವಾಯಿತು. ಎಷ್ಟು ಹೆಣ್ಣುಮಕ್ಕಳ ಸೆರಗಿಗೆ ಆ ತಾಟು ಬಗ್ಗಿತ್ತೋ! ಎಷ್ಟು ಜನ ಮೈಮೇಲಿನ ಬಾಸುಂಡೆ ತೋರಿಸಲು ಬಂದು ಹಣೆಗೆ ಕುಂಕುಮ ಹಚ್ಚಿಸಿಕೊಂಡು ಹೋದರೋ! ಹೆಣ್ಣುಮಗಳ ದೂರು ಬರೆದುಕೊಳ್ಳಲು ಹೊತ್ತಿಲ್ಲದವರು ಕುಂಕುಮವನ್ನು ದಾಸ್ತಾನು ಮಾಡಿ ಇಟ್ಟಿದ್ದರು.

ತಾಟು ಸಿದ್ಧವಾಯಿತು. ತುಂಬುವವರು ಯಾರು? ಸಾಹೇಬರು ಮಹಿಳಾ ಪೇದೆಯ ಕಡೆ ನೋಡಿದರು. ಅವಳು ನೆಲ ನೋಡುತ್ತ, "ಸರ್, ತವರಿನಾಕೀನ ತುಂಬಬೇಕು. ನಾ ತುಂಬಿದ್ರ ನಡ್ಯಾಂಗಿಲ್ಲ" ಎಂದಳು. ಅದು ನಿಜ. ತವರಿನ ಹೆಂಗಸು ಅಲ್ಲಿ ಇದ್ದವಳು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು, ಕುಂಕುಮವಿಲ್ಲದ ಹಣೆ ನೋಡಿ ಕಣ್ಣು ಆಚೆ ಹಾಕಿದರು. ನೀಲಮ್ಮ ಮೊಣಕೈಯಿಂದ ನನ್ನನ್ನು ತಿವಿದು, "ನೀವು ಆ ಕಡಿ ಸರೀರಿ ಬೀಗರ, ನೆರಳು ಬೀಳತೈತಿ" ಎಂದಳು. ಮಲ್ಲಪ್ಪನಿಗೆ, "ನಿಮ್ಮ ಹೆಂಡ್ತಿಗೆ ಫೋನ್ ಹಚ್ರಿ, ಮುತ್ತೈದಿ ಬರಲಿ" ಎಂದಳು.

ನಿಮ್ಮ ತಾತ ಹೋದ ಮೇಲೆ ಎಷ್ಟು ಮನೆಗಳಲ್ಲಿ ಹೀಗೆ ಸರಿದಿದ್ದೇನೆ ಗೊತ್ತೇ? ಮಂಜುಳಾಳ ಮದುವೆಯಲ್ಲಿ, ಅವಳನ್ನು ಎದೆಗೊತ್ತಿಕೊಂಡು ಬೆಳೆಸಿದ ನಾನು ಉಡಿ ತುಂಬುವಾಗ ಅಡುಗೆಮನೆಯಲ್ಲಿ ಕುಳಿತಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಸರಿದು ಹೋಗಿದ್ದೆ. ಅವತ್ತು ಠಾಣೆಯಲ್ಲಿ ಆ ಮೊಣಕೈ ಪಕ್ಕೆಗೆ ಬಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ನನ್ನ ಕೈ ಇವರಿಗೆ ಇಷ್ಟು ಭಯವಾದರೆ, ಆ ಕೈ ಯಾಕೆ ಸುಮ್ಮನಿರಬೇಕು?

ಎಲ್ಲರೂ ಫೋನು ಹಚ್ಚುತ್ತಿದ್ದ ಮಲ್ಲಪ್ಪನ ಕಡೆ ನೋಡುತ್ತಿದ್ದರು. ಮೇಜಿನ ಹತ್ತಿರ ಹೋಗಿ ತಾಟು ಎತ್ತಿಕೊಂಡೆ. ಮಂಜುಳಾಳ ಮುಂದೆ ನಿಂತೆ. ಅವಳು ನನ್ನ ಮುಖ ನೋಡಿದಳು. ತಿಳಿದುಕೊಂಡಳು. ಚಿಕ್ಕಂದಿನಿಂದ ನನ್ನ ಪಿಸುಮಾತು ಕೇಳಿ ಬೆಳೆದವಳು, ಅವಳಿಗೆ ಮಾತು ಬೇಕಿರಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನೂ ಸೇರಿಸಿ ಸೆರಗು ಒಡ್ಡಿದಳು. ನಾನು ಬೊಗಸೆ ತುಂಬಿ ಅಕ್ಕಿ ಹಾಕಿದೆ. ಕೊಬ್ಬರಿ ಹಾಕಿದೆ. ಖಣ ಹಾಕಿದೆ. ಅವಳ ಹಣೆಗೆ ಕುಂಕುಮ ಹಚ್ಚಿದೆ, ಈ ಕೈಯಿಂದಲೇ.

ಮೊದಲು ನೋಡಿದವಳು ನೀಲಮ್ಮ. "ಅಯ್ಯಯ್ಯೋ!" ಎಂಬ ಅವಳ ಕೂಗಿಗೆ ಹೊರಗಿದ್ದ ಖಾದರ್ ಕೂಡ ಓಡಿಬಂದ. "ಮುಂಡೆ ಕೈಲೆ ಉಡಿ! ನನ್ನ ಮಗನ ಆಯುಷ್ಯಕ್ಕ ಕೊಳ್ಳಿ ಇಟ್ಲಲ್ಲೋ! ಈಕಿನ್ನ ನಾನು ಹೊಸ್ತಿಲಾ ದಾಟಸಂಗಿಲ್ಲ, ದಾಟಸಂಗಿಲ್ಲ!"

ಪ್ರಕಾಶ ಎರಡು ಹೆಜ್ಜೆ ಹಿಂದೆ ಸರಿದ. ಹೆಂಡತಿಯ ಕೈಯನ್ನು ಕಾದ ಹೆಂಚಿಗೆ ಒತ್ತಿ ಹಿಡಿದವನು ಬೊಗಸೆ ಅಕ್ಕಿಗೆ ಹೆದರಿ ಗೋಡೆಗೆ ಅಂಟಿಕೊಂಡ. ಮುಖ ಬಿಳಿಚಿತ್ತು. "ನಡಿಯವ್ವಾ, ಹೋಗೋಣು ನಡಿ" ಎಂದು ತಾಯಿಯ ಸೆರಗು ಎಳೆಯುತ್ತಿದ್ದ.

"ಏನು ಮಾಡಿಬಿಟ್ರಿ ಅಜ್ಜಿ!" ಎಂದು ಸಾಹೇಬರು ಕುರ್ಚಿಯಿಂದ ಎದ್ದರು.

ಆಗ ನನ್ನ ದನಿ ಬಂತು. ಎಲ್ಲಿಂದ ಬಂತೋ ಕಾಣೆ. "ಅಕ್ಕಿ ಹಾಕೀನ್ರಿ ಸಾಹೇಬ್ರ. ಹೆಂಚಿಗೆ ಕೈ ಒತ್ತಿದ್ದಕ್ಕ ನಿಮ್ಮತ್ರ ಕಾನೂನು ಇರಲಿಲ್ಲ. ಅಕ್ಕಿ ಹಾಕಿದ್ದಕ್ಕ ಐತೇನ್ರಿ?"

"ಐತಿ!" ಎಂದು ಚೀರಿದವಳು ನೀಲಮ್ಮ. "ಬರಕೊಳ್ರಿ ಸಾಹೇಬ್ರ, ಈ ಮುದುಕಿ ಮ್ಯಾಲೆ ಕೇಸು ಬರಕೊಳ್ರಿ!"

ಮಹಿಳಾ ಪೇದೆ ಆಗಲೇ ಹಾಳೆ, ಪೆನ್ನು ತಂದು ಮೇಜಿನ ಮೇಲೆ ಇಟ್ಟಿದ್ದಳು. "ಬರಕೊಳ್ಳಾಕ ಕುಂತ್ರ ಎಲ್ಲಾ ಮೊದಲಿಂದ ಬರಕೋಬೇಕಾಕೈತಿ ಸರ್" ಎಂದಳು, ಬಹಳ ವಿನಯದಿಂದ. "ಹೆಂಚಿಂದ ಶುರು ಮಾಡ್ಲೇನ್ರಿ?"

ಸಾಹೇಬರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ರಾಜಿ ಮಾಡಿಕೊಳ್ಳಲು ಇನ್ನು ಯಾರೂ ಉಳಿದಿರಲಿಲ್ಲ. ಗಂಡನ ಕಡೆಯವರೇ ಒಲ್ಲೆ ಎಂದಿದ್ದರು. ಬಾಗಿಲಲ್ಲಿ ನೂರಜಹಾನ್, ಖಾದರ್, ಚಹಾ ಅಂಗಡಿಯ ನಾಲ್ಕು ಜನ ಕತ್ತು ಚಾಚಿ ನಿಂತಿದ್ದರು. ಸಾಹೇಬರು ಕುಳಿತರು. "ಹೇಳಮ್ಮ" ಎಂದು ಮಂಜುಳಾಳಿಗೆ ಹೇಳಿದರು. ಮಂಜುಳಾ ಉಡಿಯ ಅಕ್ಕಿ ಚೆಲ್ಲದಂತೆ ಸೆರಗನ್ನು ಸೊಂಟಕ್ಕೆ ಗಂಟು ಹಾಕಿಕೊಂಡು, ಹಲ್ಲಿನಿಂದ ಶುರು ಮಾಡಿ ಕೈಯವರೆಗೆ ಹೇಳಿದಳು. ಮಹಿಳಾ ಪೇದೆ ಬರೆದಳು.

ಕೆಲಸ ಮುಗಿದು ಹೊರಬಂದಾಗ ನೂರಜಹಾನ್ ನನ್ನನ್ನು ತಬ್ಬಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಮಕ್ಕಳೇ, ಇದನ್ನು ಅಜ್ಜಿ ಗೆದ್ದ ಕಥೆ ಎಂದು ಓದಬೇಡಿ. ಬೆಂದ ಅಂಗೈ ಸಾಕಾಗಲಿಲ್ಲ, ಮುರಿದ ಹಲ್ಲು ಸಾಕಾಗಲಿಲ್ಲ, "ನಾ ಹೋಗಂಗಿಲ್ಲ" ಎಂಬ ಅವಳ ಬಾಯಿಮಾತು ಸಾಕಾಗಲಿಲ್ಲ. ಗಂಡ ಸತ್ತವಳು ಅಪಶಕುನ ಎಂಬ ಹೊಲಸು ನಂಬಿಕೆಯೊಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಬಲವಾಗಿತ್ತು, ಅದಕ್ಕೇ ಅವಳು ಉಳಿದಳು. ಯಾವ ಮಾತಿನಿಂದ ನನ್ನನ್ನು ಇಷ್ಟು ವರ್ಷ ಅಡುಗೆಮನೆಗೆ ತಳ್ಳಿದರೋ ಅದೇ ಮಾತಿನಿಂದ ನನ್ನ ಮಗಳನ್ನು ಉಳಿಸಿಕೊಳ್ಳಬೇಕಾಯಿತು. ನನ್ನ ಜಾಗದಲ್ಲಿ ಅವಳ ತಾಯಿ ಮುತ್ತೈದೆಯಾಗಿ ಬದುಕಿದ್ದಿದ್ದರೆ? ಮಂಜುಳಾ ಆವತ್ತು ಸಂಜೆ ಅದೇ ಒಲೆಯ ಮುಂದೆ ಇರುತ್ತಿದ್ದಳು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಗರಿಬೊಮ್ಮನಹಳ್ಳಿಯ ದಾರಿಯಲ್ಲಿ ನೀಲಮ್ಮನ ನೆಂಟರು ಇದ್ದಾರೆ, ಆ ದಾರಿ ಬೇಡ ಎಂದು ಖಾದರ್ ನಮ್ಮನ್ನು ಹಡಗಲಿಯಲ್ಲಿ ಹರಪನಹಳ್ಳಿ ಬಸ್ಸು ಹತ್ತಿಸಿದ. ನೂರಜಹಾನ್ ಕಿಟಕಿಯಿಂದ ಮಂಜುಳಾಳಿಗೆ ಒಂದು ಮೊಳ ಮಲ್ಲಿಗೆ ಕೊಟ್ಟಳು. ಹೂವಿನ ಕಾಲವಲ್ಲ, ಮೊಗ್ಗು ಸಣ್ಣವು, ಆದರೂ ಹಡಗಲಿಯ ಮಲ್ಲಿಗೆ ಬಸ್ಸೆಲ್ಲ ತುಂಬಿಕೊಂಡಿತು. ಮಲ್ಲಪ್ಪ ಮುಂದಿನ ಸೀಟಿಗೆ ಹೋಗಿ ಒಬ್ಬನೇ ಕುಳಿತ. ದಾರಿಯುದ್ದಕ್ಕೂ ರೈತರು ಡಾಂಬರಿನ ಮೇಲೆ ಮೆಕ್ಕೆಜೋಳ ಹರವಿದ್ದರು. ಡ್ರೈವರ್ ಒಂದು ಗಾಲಿ ಕೆಳಗಿಳಿಸಿ ಮೆಲ್ಲಗೆ ದಾಟಿಸುತ್ತಿದ್ದ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

ಹರಪನಹಳ್ಳಿಯಲ್ಲಿ ಪಟ್ಟಿ ಬದಲಿಸಲು ಸರಕಾರಿ ದವಾಖಾನೆಗೆ ಹೋದೆವು. ನರ್ಸಮ್ಮ ಪಟ್ಟಿ ಬಿಚ್ಚುತ್ತ, "ಏನಾತಮ್ಮ ಇದು? ಹೆಂಗಾತು?" ಎಂದು ಕೇಳಿದಳು. ಮಂಜುಳಾ ನನ್ನ ಕಡೆ ನೋಡಲೂ ಇಲ್ಲ, ಅಪ್ಪನ ಕಡೆ ನೋಡಲೂ ಇಲ್ಲ.

"ನನ್ನ ಗಂಡ ಹೆಂಚಿಗೆ ಒತ್ತಿ ಹಿಡಿದ. ಹಂಗಾ ಬರೀರಿ" ಎಂದಳು.

ನರ್ಸಮ್ಮ ಹಾಗೇ ಬರೆದಳು. ಮಲ್ಲಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವನು ಅಲ್ಲೇ ಕುಸಿದು ಕುಳಿತ. ಪಟ್ಟಿ ಬಿಚ್ಚಿದ ಆ ಕೈಯನ್ನು ಅವನು ನೋಡಿದ್ದು ಅದೇ ಮೊದಲು. ಕೊಟ್ಟೂರಿನಲ್ಲಿ ಇಳಿಯುವಾಗ ಮಗಳ ತಲೆಯ ಮೇಲೆ ಕೈ ಇಟ್ಟು, "ಅತ್ತಿಗಿ, ಕೋರ್ಟಿನ ತಾರೀಕು ಹೇಳ್ರಿ, ನಾನೂ ಬರ್ತೀನಿ" ಎಂದ. ಒಂದು ಸಲ ಬಂದಿದ್ದಾನೆ. ಮುಂದೆ ಬರುತ್ತಾನೋ ನೋಡಬೇಕು. ಪ್ರಕಾಶ ಜಾಮೀನಿನ ಮೇಲೆ ಹೊರಗಿದ್ದಾನೆ. ಕೇಸು ನಡೆದಿದೆ.

ಕೂಡ್ಲಿಗಿಯಿಂದ ಊರಿನ ಬಸ್ಸು. ಅದೇ ಕಂಡಕ್ಟರ್ ಇದ್ದ. "ಎಲ್ಲಿಗೆ ಅಜ್ಜಿ?" ಎಂದ. ಊರಿನ ಹೆಸರು ಹೇಳಿದೆ. "ಇವತ್ತು ಕೇಳತೈತಿ ನೋಡ್ರಿ" ಎಂದು ನಕ್ಕು ಎರಡು ಚೀಟಿ ಹರಿದ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಂಜುಳಾ ಒಲೆಯ ಹತ್ತಿರ ಹೋಗಲಿಲ್ಲ. ಈಗಲೂ ಹೆಂಚು ಕಾಯುವ ವಾಸನೆಗೆ ಎದ್ದು ಅಂಗಳಕ್ಕೆ ಹೋಗುತ್ತಾಳೆ. ಸೊಂಟದ ಗಂಟು ಬಿಚ್ಚಿ ಉಡಿಯ ಅಕ್ಕಿಯನ್ನು ಮೊರಕ್ಕೆ ಸುರಿದು, "ದೊಡ್ಡವ್ವಾ, ಇದನ್ನ ಏನು ಮಾಡೋಣು?" ಎಂದಳು. ಅನ್ನ ಮಾಡಿದೆ. ಇಬ್ಬರೂ ಉಂಡೆವು. ಬಹಳ ದಿನದ ಮೇಲೆ ಅವಳು ಎರಡನೇ ಸಲ ಅನ್ನ ಕೇಳಿದಳು. ಯಾರ ಆಯುಷ್ಯವೂ ಕಡಿಮೆಯಾಗಿಲ್ಲ, ಪ್ರಕಾಶನದೂ ಆಗಿಲ್ಲ, ಗಟ್ಟಿಮುಟ್ಟಾಗಿ ತಿರುಗುತ್ತಿದ್ದಾನೆ ಎಂದು ಕೇಳಿದ್ದೇನೆ.

ಅನ್ನಪೂರ್ಣಾ, ಮುಂದೊಂದು ದಿನ ನೀನು ಮದುವೆ ಆಗುವುದಾದರೆ, ನಾನು ಇದ್ದರೆ, ನಿನ್ನ ಉಡಿಗೆ ಮೊದಲ ಬೊಗಸೆ ನಾನೇ ಹಾಕುತ್ತೇನೆ. ಯಾರನ್ನೂ ಹೆದರಿಸಲಿಕ್ಕಲ್ಲ, ಹರಸಲಿಕ್ಕೆ. ಯಾರಾದರೂ ಆ ಕಡೆ ಸರಿದು ನಿಲ್ಲು ಎಂದರೆ ನಾನು ಇನ್ನು ಸರಿಯುವುದಿಲ್ಲ. ಆ ಉಡಿ ತುಂಬಿಸಿಕೊಂಡವಳು ಯಾವಾಗ ಬೇಕಾದರೂ ತಿರುಗಿ ಬರಬಹುದು, ಅದನ್ನೂ ಈಗಲೇ ಹೇಳಿಟ್ಟಿದ್ದೇನೆ. ಕೊಟ್ರೇಶಾ, ನಿನಗೂ ಒಂದು ಮಾತು: ರೊಟ್ಟಿ ಆರಿದ್ದರೆ ಎದ್ದು ನೀನೇ ಬಿಸಿ ಮಾಡಿಕೋ.

ಈ ಹಾಳೆಗಳನ್ನು ನಿಮ್ಮ ಟ್ರಂಕಿನಲ್ಲಿ ಪುಸ್ತಕಗಳ ಕೆಳಗೆ ಜೋಪಾನವಾಗಿ ಇಡಿ. ನೀರು ತಾಗಿಸಬೇಡಿ, ಹರಿಯಬೇಡಿ. ನಾನು ಹೋದ ಮೇಲೆ ಇದನ್ನು ಊರಿನವರು ಬೇರೆ ರೀತಿ ಹೇಳುತ್ತಾರೆ, ಅಪಶಕುನದ ಮುದುಕಿ ಒಂದು ಮನೆ ಮುರಿದಳು ಎಂದು. ಆಗ ತೆಗೆದು ಓದಿ, ಜೋರಾಗಿ ಓದಿ.